ಜಿನೀವಾದ ಸಟೀಕ ಬೈಬಲು

೧

ಶಾಸ್ತ್ರಗ್ರಂಥವನ್ನು ಓದುವವನಿಗೆ ಮೂಲವೊಂದೇ ಸಾಲದು, ಅದರ ಅರ್ಥವನ್ನು ಬಿಡಿಸಿ ತೋರಿಸುವ ವ್ಯಾಖ್ಯಾನವೂ ಬೇಕು ಎಂಬುದು ಭರತಖಂಡದ ವಿದ್ವಾಂಸರಿಗೆ ಬಹುಕಾಲದಿಂದ ಪರಿಚಿತವಾದ ಮಾತು. ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ಸಾಯಣಾಚಾರ್ಯರು ರಚಿಸಿದ ವೇದಭಾಷ್ಯವನ್ನು ಬಿಟ್ಟು ಋಗ್ವೇದದ ಅರ್ಥವಿಚಾರಕ್ಕೆ ತೊಡಗುವವರು ವಿರಳ. ಪಾಶ್ಚಾತ್ಯ ದೇಶಗಳಲ್ಲಿ ಬೈಬಲ್ ಗ್ರಂಥಕ್ಕೂ ಇಂತಹ ಭಾಷ್ಯಪರಂಪರೆಯೊಂದುಂಟು. ಆದರೆ ಅಲ್ಲಿ ಹದಿನಾರನೆಯ ಶತಮಾನದಲ್ಲಿ ಒಂದು ಹೊಸ ಸಂಗತಿ ನಡೆಯಿತು. ಅದುವರೆಗೆ ಮಠಗಳ ಮತ್ತು ವಿದ್ಯಾಪೀಠಗಳ ಸೊತ್ತಾಗಿದ್ದ ವ್ಯಾಖ್ಯಾನವು ಮೂಲದೊಡನೆ ಒಂದೇ ಪುಟದಲ್ಲಿ ಅಚ್ಚಾಗಿ, ದೇಶಭಾಷೆಯಲ್ಲಿ, ಸಾಮಾನ್ಯ ಗೃಹಸ್ಥನ ಕೈಸೇರಿತು. ಗುರುವಿನ ಬಾಯಿಂದ ಕೇಳಬೇಕಾಗಿದ್ದುದನ್ನು ಗೃಹಸ್ಥನು ಪುಟದ ಅಂಚಿನಲ್ಲಿ ತಾನೇ ಓದಿಕೊಳ್ಳುವಂತಾಯಿತು.

ಇದರಿಂದ ಹುಟ್ಟಿದ ಪ್ರಶ್ನೆ ಸಣ್ಣದಲ್ಲ. ಅಂಚಿನಲ್ಲಿ ಬರೆಯುವ ಅಧಿಕಾರ ಯಾರದು? ಬರೆದುದು ತಪ್ಪಾದರೆ ತಿದ್ದುವವರು ಯಾರು? ಶಾಸ್ತ್ರವಾಕ್ಯಕ್ಕೆ ಇರುವ ಗೌರವವನ್ನು ಪಕ್ಕದ ಟಿಪ್ಪಣಿಯೂ ಕದ್ದುಕೊಂಡರೆ ಗತಿಯೇನು? ಈ ಪ್ರಶ್ನೆಗಳಿಗಾಗಿ ದೊರೆಗಳು ಶಾಸನಗಳನ್ನು ಮಾಡಿದರು, ಪಂಡಿತರು ಜಗಳವಾಡಿದರು, ಕೆಲವರು ಪ್ರಾಣವನ್ನೂ ತೆತ್ತರು. ಇಂದು ಟಿಪ್ಪಣಿಸಹಿತವಾದ ಬೈಬಲುಗಳು ಹತ್ತಾರು ಬಗೆಯಾಗಿ ದೊರೆಯುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು, ಆರಿಸಿಕೊಂಡುದನ್ನು ಹೇಗೆ ಬಳಸಬೇಕು ಎಂದು ಕೇಳುವವರಿಗೆ ಈ ಚರಿತ್ರೆಯೇ ಒಂದು ಉತ್ತರವಾಗಬಲ್ಲುದು.

೨

ಅಚ್ಚಿನ ಯಂತ್ರ ಹುಟ್ಟುವುದಕ್ಕೆ ಮುಂಚೆಯೇ ಸಟೀಕ ಬೈಬಲುಗಳು ಯೂರೋಪಿನಲ್ಲಿದ್ದುವು. ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನ ಲಾಂವ್ ಪಟ್ಟಣದ ಆನ್ಸೆಲ್ಮನೂ ಅವನ ಶಿಷ್ಯವರ್ಗವೂ ಪ್ರಾಚೀನಾಚಾರ್ಯರ ವಚನಗಳನ್ನು ಕೂಡಿಸಿ ಒಂದು ಸಂಗ್ರಹವ್ಯಾಖ್ಯಾನವನ್ನು ಸಿದ್ಧಗೊಳಿಸಿದರು. ಪುಟದ ನಡುವೆ ದಪ್ಪ ಅಕ್ಷರಗಳಲ್ಲಿ ಲ್ಯಾಟಿನ್ ಮೂಲ. ಸಾಲುಗಳ ನಡುವೆ ಪದಗಳ ಅರ್ಥ. ಸುತ್ತಲೂ ಅಂಚಿನಲ್ಲಿ ವಿಸ್ತಾರವಾದ ವ್ಯಾಖ್ಯಾನ: ಇದು ಆ ಹಸ್ತಪ್ರತಿಗಳ ವಿನ್ಯಾಸ. ‘ಗ್ಲೊಸ್ಸಾ ಆರ್ಡಿನಾರಿಯಾ’ ಎಂದು ಹೆಸರಾದ ಈ ಸಂಗ್ರಹವು ಶತಮಾನಗಳ ಕಾಲ ವಿದ್ಯಾರ್ಥಿಗಳ ಕೈಪಿಡಿಯಾಗಿತ್ತು.

ಯೆಹೂದ್ಯರಲ್ಲಿಯೂ ಇಂತಹ ಸಂಪ್ರದಾಯವೇ ಬೆಳೆದಿತ್ತು. ಫ್ರಾನ್ಸಿನ ಟ್ರಾಯ್ ಪಟ್ಟಣದಲ್ಲಿ ೧೦೪೦ರಿಂದ ೧೧೦೫ರವರೆಗೆ ಬಾಳಿದ ರಾಶಿ ಎಂಬ ಮಹಾಪಂಡಿತನು ಹೀಬ್ರೂ ಶಾಸ್ತ್ರಕ್ಕೆ ಬರೆದ ಟೀಕೆ ಸರಳತೆಗೂ ಸಂಕ್ಷೇಪಕ್ಕೂ ಹೆಸರುವಾಸಿ. ಹದಿನಾಲ್ಕನೆಯ ಶತಮಾನದಲ್ಲಿ ಲೈರದ ನಿಕೊಲಸನೆಂಬ ಕ್ರೈಸ್ತ ಸನ್ಯಾಸಿ ಹೀಬ್ರೂ ಕಲಿತು, ರಾಶಿಯ ಟೀಕೆಯನ್ನು ಯಥೇಷ್ಟವಾಗಿ ಬಳಸಿಕೊಂಡು, ಅಕ್ಷರಾರ್ಥಕ್ಕೆ ಪ್ರಾಧಾನ್ಯ ಕೊಟ್ಟು ದೊಡ್ಡ ವ್ಯಾಖ್ಯಾನವನ್ನು ಬರೆದನು. ಮುಂದೆ ಮಾರ್ಟಿನ್ ಲೂಥರನು ಇದನ್ನು ಎಷ್ಟು ಅವಲಂಬಿಸಿದನೆಂದರೆ, ಲೈರನ ಹೆಸರಿಗೂ ವೀಣೆಯಂತಹ ವಾದ್ಯವೊಂದರ ಹೆಸರಿಗೂ ಶ್ಲೇಷೆ ಕಲ್ಪಿಸಿ, ಲೂಥರನ ಕುಣಿತಕ್ಕೆ ಹಿಮ್ಮೇಳ ಅವನದೆಂದು ಜನರು ಹಾಸ್ಯಮಾಡಿದರು. ಯೆಹೂದ್ಯ ಪಂಡಿತನ ಮಾತು ರೋಮಿನ ಸಭೆಯ ಸನ್ಯಾಸಿಯ ಮೂಲಕ ಆ ಸಭೆಯನ್ನೇ ಎದುರಿಸಿದವನ ಕೈಗೆ ಬಂದುದು ಹೀಗೆ. ವ್ಯಾಖ್ಯಾನಗಳು ಮತದ ಗಡಿಯನ್ನು ದಾಟುವುದುಂಟೆಂಬುದಕ್ಕೆ ಇದು ನಿದರ್ಶನ.

ಓದುಗನಿಗೆ ಬೇಕಾದ ಮತ್ತೊಂದು ಸಹಾಯವೆಂದರೆ ಗ್ರಂಥದ ವಿಭಾಗಕ್ರಮ. ಇಂದು ಬಳಕೆಯಲ್ಲಿರುವ ಅಧ್ಯಾಯವಿಭಾಗವನ್ನು ಹದಿಮೂರನೆಯ ಶತಮಾನದ ಆದಿಯಲ್ಲಿ, ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾದ ಸ್ಟೀಫನ್ ಲ್ಯಾಂಗ್ಟನ್ ಏರ್ಪಡಿಸಿದನೆಂದು ಹೇಳುತ್ತಾರೆ. ಹೊಸ ಒಡಂಬಡಿಕೆಯ ವಚನಗಳಿಗೆ ಇಂದಿನ ಸಂಖ್ಯೆಗಳನ್ನು ಕೊಟ್ಟವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ. ೧೫೫೧ರಲ್ಲಿ ಜಿನೀವಾದಲ್ಲಿ ಅವನು ಅಚ್ಚು ಹಾಕಿದ ಗ್ರೀಕ್ ಪ್ರತಿಯಲ್ಲಿ ಅವು ಮೊದಲು ಕಾಣಿಸಿಕೊಂಡುವು. ಪ್ಯಾರಿಸಿನಿಂದ ಲಿಯೋನಿಗೆ ಪ್ರಯಾಣ ಮಾಡುತ್ತಿದ್ದಾಗ ತನ್ನ ತಂದೆ ಈ ಕೆಲಸವನ್ನು ಮಾಡಿದನೆಂದು ಅವನ ಮಗನೇ ಬರೆದಿದ್ದಾನೆ. ಕುದುರೆಯ ಮೇಲೆ ಕುಳಿತೇ ಗುರುತು ಹಾಕಿದನೆಂದೂ, ಕುದುರೆ ಎಡವಿದಲ್ಲೆಲ್ಲ ವಚನಗಳು ತಪ್ಪಾದ ಸ್ಥಳದಲ್ಲಿ ತುಂಡಾದುವೆಂದೂ ಪರಿಹಾಸವುಂಟು. ದಾರಿಯ ಛತ್ರಗಳಲ್ಲಿ ತಂಗಿದ್ದಾಗ ಮಾಡಿದನೆಂದು ಗ್ರಹಿಸುವುದೇ ಯುಕ್ತ.

೩

ಇಂಗ್ಲೆಂಡಿನಲ್ಲಿ ಈ ವಿಷಯವು ರಾಜಕೀಯದೊಡನೆ ಹೆಣೆದುಕೊಂಡಿತು. ಅಲ್ಲಿ ಹದಿನೈದನೆಯ ಶತಮಾನದ ಆದಿಯಿಂದಲೂ ಅಧಿಕಾರಿಗಳ ಅಪ್ಪಣೆಯಿಲ್ಲದೆ ಬೈಬಲನ್ನು ದೇಶಭಾಷೆಗೆ ತರುವುದು ನಿಷಿದ್ಧವಾಗಿತ್ತು. ವಿಲಿಯಂ ಟಿಂಡೇಲನು ಈ ಕಾರಣದಿಂದ ದೇಶವನ್ನು ಬಿಟ್ಟು ಜರ್ಮನಿಗೆ ಹೋಗಿ, ೧೫೨೫ರಲ್ಲಿ ಕಲೋನ್ ನಗರದಲ್ಲಿ ಹೊಸ ಒಡಂಬಡಿಕೆಯನ್ನು ಅಂಚಿನ ಟಿಪ್ಪಣಿಗಳೊಡನೆ ಅಚ್ಚು ಹಾಕಿಸತೊಡಗಿದನು. ಸುದ್ದಿ ಹೊರಬಿದ್ದು ಕೆಲಸ ನಿಂತುಹೋಯಿತು. ಮತ್ತಾಯನ ಸುವಾರ್ತೆಯ ಇಪ್ಪತ್ತೆರಡನೆಯ ಅಧ್ಯಾಯದವರೆಗಿನ ಹಾಳೆಗಳು ಮಾತ್ರ ಉಳಿದುವು. ಮರುವರುಷ ವರ್ಮ್ಸ್ ಪಟ್ಟಣದಲ್ಲಿ ಹೊರಬಂದ ಪ್ರತಿಯಲ್ಲಿ ಟಿಪ್ಪಣಿಗಳಿರಲಿಲ್ಲ. ಆದರೂ ಟಿಂಡೇಲನಿಗೆ ಉಳಿಗಾಲವಿಲ್ಲವಾಯಿತು. ೧೫೩೬ರಲ್ಲಿ ಬ್ರಸೆಲ್ಸ್ ಸಮೀಪದ ವಿಲ್ವೋರ್ಡಿನಲ್ಲಿ ಅವನನ್ನು ಕೊರಳು ಬಿಗಿದು ಕೊಂದು ದೇಹವನ್ನು ಸುಟ್ಟರು.

ಇದಾದ ಮೂರು ವರುಷಗಳೊಳಗೆ ಎಂಟನೆಯ ಹೆನ್ರಿಯ ಅಪ್ಪಣೆಯಿಂದಲೇ ಇಂಗ್ಲಿಷ್ ಬೈಬಲು ದೇವಾಲಯಗಳನ್ನು ಪ್ರವೇಶಿಸಿತು. ೧೫೩೯ರ ಆ ‘ಮಹಾ ಬೈಬಲಿ’ನಲ್ಲಿ ಒಂದು ವಿಚಿತ್ರವುಂಟು. ಕಠಿಣವಾದ ಸ್ಥಳಗಳಲ್ಲಿ ಬೆರಳು ಚಾಚಿದ ಪುಟ್ಟ ಕೈಯ ಚಿತ್ರಗಳನ್ನು ಅಚ್ಚು ಮಾಡಿದ್ದಾರೆ. ಆ ಕೈ ತೋರಿಸುವ ಟಿಪ್ಪಣಿಗಳು ಮಾತ್ರ ಇಲ್ಲ. ಟಿಪ್ಪಣಿಗಳನ್ನು ಸೇರಿಸಬೇಕೆಂದು ಸಂಪಾದಕರು ಉದ್ದೇಶಿಸಿದ್ದರು, ಅನುಮತಿ ದೊರೆಯಲಿಲ್ಲ. ೧೫೪೩ರ ಶಾಸನವು ಇನ್ನೂ ಮುಂದೆ ಹೋಯಿತು. ಕುಶಲಕರ್ಮಿಗಳು, ಕೂಲಿಯವರು, ಸಾಮಾನ್ಯವರ್ಗದ ಹೆಂಗಸರು ಇಂಗ್ಲಿಷ್ ಬೈಬಲನ್ನು ಓದಕೂಡದೆಂದು ವಿಧಿಸಿದುದಲ್ಲದೆ, ಇದ್ದ ಪ್ರತಿಗಳಲ್ಲಿ ಟಿಪ್ಪಣಿಗಳಿದ್ದರೆ ಅವನ್ನು ಕತ್ತರಿಸಬೇಕು ಅಥವಾ ಮಸಿ ಬಳಿದು ಅಳಿಸಬೇಕು ಎಂದು ಆಜ್ಞಾಪಿಸಿತು. ಮೂಲಕ್ಕಿಂತಲೂ ಅಂಚಿನ ಬರಹಕ್ಕೆ ಅರಸರು ಹೆಚ್ಚು ಹೆದರಿದರೆಂಬುದು ಇದರಿಂದ ವ್ಯಕ್ತವಾಗುತ್ತದೆ.

೪

೧೫೫೩ರಲ್ಲಿ ಮೇರಿ ಪಟ್ಟಕ್ಕೆ ಬಂದಳು. ಅವಳು ರೋಮಿನ ಸಭೆಯ ನಿಷ್ಠಾವಂತ ಭಕ್ತೆ. ಅವಳ ಆಳ್ವಿಕೆಯಲ್ಲಿ ಮುನ್ನೂರಕ್ಕೆ ಸಮೀಪವಾದಷ್ಟು ಮಂದಿ ಮತಭೇದದ ಕಾರಣದಿಂದ ಬೆಂಕಿಗೆ ಆಹುತಿಯಾದರು. ನೂರಾರು ಮಂದಿ ಸಮುದ್ರವನ್ನು ದಾಟಿ ಓಡಿಹೋದರು. ಹಾಗೆ ಓಡಿದವರಲ್ಲಿ ಕೆಲವರು ಕ್ಯಾಲ್ವಿನನ ಜಿನೀವಾ ನಗರವನ್ನು ಸೇರಿದರು. ಗ್ರೀಕ್ ಹೀಬ್ರೂ ಪಂಡಿತರು, ನುರಿತ ಮುದ್ರಕರು, ಬಗೆಬಗೆಯ ಭಾಷಾಂತರಗಳು, ಎಲ್ಲವೂ ಆ ಊರಿನಲ್ಲಿ ಒಂದೆಡೆ ದೊರೆಯುತ್ತಿದ್ದುವು. ವಿಲಿಯಂ ವಿಟಿಂಗ್‌ಹ್ಯಾಂ ಎಂಬ ಆಕ್ಸ್‌ಫರ್ಡ್ ಪಂಡಿತನು ೧೫೫೭ರಲ್ಲಿ ಹೊಸ ಒಡಂಬಡಿಕೆಯನ್ನು ಅಲ್ಲಿ ಪ್ರಕಟಿಸಿದನು. ಬಳಿಕ ಆಂಥೊನಿ ಗಿಲ್ಬಿ, ಥಾಮಸ್ ಸ್ಯಾಂಪ್ಸನ್ ಮೊದಲಾದವರು ಕೂಡಿ ಸಮಗ್ರ ಗ್ರಂಥಕ್ಕೆ ಕೈಹಾಕಿದರು. ೧೫೫೮ರಲ್ಲಿ ಮೇರಿ ತೀರಿಕೊಂಡು ಎಲಿಜಬೆತ್ ರಾಣಿಯಾದಾಗ ಬಹುಮಂದಿ ಸ್ವದೇಶಕ್ಕೆ ಹಿಂದಿರುಗಿದರು. ವಿಟಿಂಗ್‌ಹ್ಯಾಮನೂ ಕೆಲವರು ಜತೆಗಾರರೂ ಕೆಲಸ ಮುಗಿಯುವವರೆಗೆ ಅಲ್ಲಿಯೇ ನಿಂತರು. ೧೫೬೦ರಲ್ಲಿ ರೋಲೆಂಡ್ ಹಾಲನ ಮುದ್ರಣಾಲಯದಿಂದ ಗ್ರಂಥ ಹೊರಬಿದ್ದಿತು. ಅದನ್ನು ಎಲಿಜಬೆತ್ ರಾಣಿಗೆ ಅರ್ಪಿಸಿದರು.

ಮುಖಪುಟದ ಚಿತ್ರವೇ ಈ ದೇಶಭ್ರಷ್ಟರ ಮನಸ್ಸನ್ನು ತಿಳಿಸುತ್ತದೆ. ಮುಂದೆ ಕೆಂಪು ಸಮುದ್ರ, ಹಿಂದೆ ಫರೋಹನ ಸೇನೆ, ನಡುವೆ ದಿಕ್ಕುಗಾಣದ ಇಸ್ರಾಯೇಲ ಜನ. ಪುಸ್ತಕವನ್ನು ತೆರೆದ ಇಂಗ್ಲಿಷ್ ಗೃಹಸ್ಥನಿಗೆ ಅದು ಯಾರ ಕಥೆಯೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ಗ್ರಂಥದ ರಚನಾಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಆವಶ್ಯಕ. ಏಕೆಂದರೆ ಮುಂದಿನ ನಾಲ್ಕು ಶತಮಾನಗಳ ಸಟೀಕ ಬೈಬಲುಗಳೆಲ್ಲ ಬಹುಮಟ್ಟಿಗೆ ಇದೇ ಪಡಿಯಚ್ಚಿನವು. ಅದುವರೆಗಿನ ಇಂಗ್ಲಿಷ್ ಬೈಬಲುಗಳು ದೇವಾಲಯದ ಪೀಠದ ಮೇಲಿಡುವ ಭಾರಿ ಹೊತ್ತಗೆಗಳು. ಒತ್ತೊತ್ತಾದ ಕಪ್ಪಕ್ಷರಗಳಲ್ಲಿ ಅಚ್ಚಾದವು. ಜಿನೀವಾದ ಪುಸ್ತಕವು ಕೈಯಲ್ಲಿ ಹಿಡಿಯಬಹುದಾದ ಗಾತ್ರದ್ದು. ಅದರ ಅಕ್ಷರ ಕಣ್ಣಿಗೆ ಹಿತವಾದ ರೋಮನ್ ಅಕ್ಷರ. ಇಂಗ್ಲಿಷಿನ ಸಮಗ್ರ ಬೈಬಲುಗಳಲ್ಲಿ ವಚನಸಂಖ್ಯೆಗಳು ಮೊದಲು ಬಂದುದು ಇದರಲ್ಲಿಯೇ. ಪ್ರತಿಯೊಂದು ಪುಸ್ತಕಕ್ಕೂ ಮುಂಚೆ ಅದರ ವಿಷಯಸಂಗ್ರಹ, ಅಧ್ಯಾಯಗಳಿಗೆ ಶೀರ್ಷಿಕೆಗಳು, ಅಂಚಿನಲ್ಲಿ ಇತರ ವಚನಗಳ ನಿರ್ದೇಶ, ಹೀಬ್ರೂ ಗ್ರೀಕ್ ಮೂಲದಲ್ಲಿ ಬೇರೆ ಅರ್ಥಕ್ಕೆ ಅವಕಾಶವಿದ್ದರೆ ಅದರ ಸೂಚನೆ. ಇಂಗ್ಲಿಷ್ ವಾಕ್ಯ ಪೂರ್ಣವಾಗುವುದಕ್ಕಾಗಿ ಭಾಷಾಂತರಕಾರರು ತಾವಾಗಿ ಸೇರಿಸಿದ ಪದಗಳನ್ನು ಓರೆಯಕ್ಷರದಲ್ಲಿ ಅಚ್ಚು ಮಾಡಿ, ಇದು ಮೂಲದಲ್ಲಿಲ್ಲವೆಂದು ಓದುಗನಿಗೆ ಪ್ರಾಮಾಣಿಕವಾಗಿ ತಿಳಿಸಿದ್ದಾರೆ. ಇಸ್ರಾಯೇಲ್ಯರು ಅಲೆದ ಮರುಭೂಮಿ, ಪೌಲನು ಸಂಚರಿಸಿದ ನಾಡುಗಳು ಮುಂತಾದುವುಗಳ ಭೂಪಟಗಳು. ದೇವಗುಡಾರ, ಯೆರೂಸಲೇಮಿನ ಆಲಯ ಮೊದಲಾದುವುಗಳ ಮರದಚ್ಚಿನ ಚಿತ್ರಗಳು. ಕೊನೆಗೆ ಹೆಸರುಗಳ ಅರ್ಥವನ್ನು ತಿಳಿಸುವ ಪಟ್ಟಿಕೆ.

ಭಾಷಾಂತರದಲ್ಲಿ ಮನೆಮಾತಿನ ಸೊಗಸೂ ಉಂಟು. ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ ಆದಾಮನೂ ಹವ್ವಳೂ ಅಂಜೂರದ ಎಲೆಗಳನ್ನು ಹೊಲಿದು ಮಾಡಿಕೊಂಡುದನ್ನು ಇವರು ಚಲ್ಲಣವೆಂದು ಭಾಷಾಂತರಿಸಿದರು. ಈ ಒಂದು ಪದದಿಂದ ಪುಸ್ತಕಕ್ಕೆ ‘ಚಲ್ಲಣದ ಬೈಬಲು’ ಎಂಬ ಅಡ್ಡ ಹೆಸರು ಬಂದು, ಹಳೆಯ ಪುಸ್ತಕಗಳ ವ್ಯಾಪಾರಿಗಳಲ್ಲಿ ಇಂದಿಗೂ ನಿಂತಿದೆ.

ಇನ್ನು ಟಿಪ್ಪಣಿಗಳು. ಅವು ಎಲ್ಲವೂ ಒಂದೇ ಜಾತಿಯವಲ್ಲ. ಪದಗಳ ಅರ್ಥವನ್ನೂ, ನಾಣ್ಯ ಅಳತೆಗಳನ್ನೂ, ಪೂರ್ವದೇಶಗಳ ಆಚಾರಗಳನ್ನೂ ತಿಳಿಸುವುವು ಬಹಳ. ಇವುಗಳ ವಿಷಯದಲ್ಲಿ ಯಾರಿಗೂ ವಿರೋಧವಿರಲಿಲ್ಲ. ಭಕ್ತನಿಗೆ ಧೈರ್ಯ ಹೇಳುವುವು ಮತ್ತೆ ಕೆಲವು. ಇವುಗಳ ನಡುವೆ ಕಿಡಿಗಳೂ ಇದ್ದುವು. ಪ್ರಕಟನೆಯ ಪುಸ್ತಕದಲ್ಲಿ ಪಾತಾಳದಿಂದ ಏಳುವ ಮೃಗವನ್ನು ರೋಮಿನ ಪೋಪನೆಂದೂ, ಹೊಗೆಯೊಳಗಿಂದ ಹೊರಡುವ ಮಿಡತೆಗಳಲ್ಲಿ ಸನ್ಯಾಸಿಗಳೂ ಕಾರ್ಡಿನಲ್ಲರೂ ಸೇರಿರುವರೆಂದೂ ಅಂಚಿನಲ್ಲಿ ಅಚ್ಚಾಯಿತು. ಶೆಕೆಲ್ ನಾಣ್ಯದ ಬೆಲೆ ಎಷ್ಟೆಂದು ತಿಳಿಸಿದ ಅದೇ ಕೈ, ಅದೇ ಅಕ್ಷರದಲ್ಲಿ, ಅದೇ ನಿಶ್ಚಯದ ಧ್ವನಿಯಲ್ಲಿ ಇದನ್ನೂ ತಿಳಿಸಿತು. ಎರಡರಲ್ಲಿ ಯಾವುದು ತಿಳಿವಳಿಕೆ, ಯಾವುದು ಪಕ್ಷವಾದ ಎಂದು ಬೇರ್ಪಡಿಸುವ ಸಾಧನವು ಓದುಗನ ಬಳಿಯಲ್ಲಿ ಇರಲಿಲ್ಲ.

೫

ಗ್ರಂಥವು ಬಹು ಬೇಗನೆ ಮನೆಮನೆಗೂ ಹರಡಿತು. ೧೫೬೦ರಿಂದ ೧೬೪೪ರವರೆಗೆ ಅದು ನೂರನಾಲ್ವತ್ತಕ್ಕಿಂತ ಹೆಚ್ಚು ಸಲ ಅಚ್ಚಾಯಿತು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಅದರ ಮಾತಿನ ಛಾಯೆ ಕಾಣುತ್ತದೆ. ೧೬೨೦ರಲ್ಲಿ ‘ಮೇಫ್ಲವರ್’ ಹಡಗಿನಲ್ಲಿ ಅಮೆರಿಕಕ್ಕೆ ತೆರಳಿದವರ ಕೈಯಲ್ಲಿದ್ದುದೂ ಅದೇ. ಇಂಗ್ಲೆಂಡಿನ ಬಿಷಪ್ಪರು ಇದಕ್ಕೆ ಪ್ರತಿಯಾಗಿ ೧೫೬೮ರಲ್ಲಿ ತಮ್ಮದೇ ಆದ ಬೈಬಲನ್ನು ಹೊರಡಿಸಿ, ಅದರಲ್ಲಿ ಕಹಿಯಾದ ಟಿಪ್ಪಣಿಗಳು ಇರಕೂಡದೆಂದು ನಿಯಮ ಮಾಡಿಕೊಂಡರು. ಅದು ದೇವಾಲಯಗಳಲ್ಲಿ ನಿಂತಿತೇ ಹೊರತು ಮನೆಗಳನ್ನು ಗೆಲ್ಲಲಿಲ್ಲ. ರೋಮಿನ ಸಭೆಯವರೂ ಸುಮ್ಮನಿರಲಿಲ್ಲ. ದೇಶವನ್ನು ಬಿಟ್ಟು ಫ್ರಾನ್ಸಿನಲ್ಲಿ ನೆಲಸಿದ್ದ ಗ್ರೆಗರಿ ಮಾರ್ಟಿನ್ ಮೊದಲಾದ ಇಂಗ್ಲಿಷ್ ಪಂಡಿತರು ೧೫೮೨ರಲ್ಲಿ ರೀಮ್ಸ್ ನಗರದಿಂದ ಹೊಸ ಒಡಂಬಡಿಕೆಯನ್ನು ತಮ್ಮ ಟಿಪ್ಪಣಿಗಳೊಡನೆ ಪ್ರಕಟಿಸಿದರು. ೧೫೮೯ರಲ್ಲಿ ವಿಲಿಯಂ ಫುಲ್ಕ್ ಎಂಬ ಪ್ರಾಟೆಸ್ಟೆಂಟ್ ಪಂಡಿತನು ಅದೇ ಗ್ರಂಥವನ್ನು ಬಿಷಪ್ಪರ ಪಾಠದೊಡನೆ ಅಕ್ಕಪಕ್ಕದಲ್ಲಿ ಅಚ್ಚು ಮಾಡಿ, ಟಿಪ್ಪಣಿಗೆ ಟಿಪ್ಪಣಿಯಾಗಿ ಖಂಡನೆಯನ್ನು ಬರೆದನು. ವಿನೋದವೇನೆಂದರೆ, ಖಂಡಿಸುವುದಕ್ಕಾಗಿ ಅಚ್ಚಾದ ಆ ಪುಸ್ತಕದ ಮೂಲಕವೇ ರೀಮ್ಸಿನ ಭಾಷಾಂತರವು ಇಂಗ್ಲೆಂಡಿನಲ್ಲಿ ಅನೇಕರಿಗೆ ಪರಿಚಿತವಾಯಿತು.

ಸ್ಕಾಟ್ಲೆಂಡಿನಲ್ಲಿ ಜಿನೀವಾದ ಪ್ರತಿಗೆ ರಾಜಮನ್ನಣೆಯೇ ದೊರೆಯಿತು. ಆ ದೇಶದಲ್ಲಿ ಅಚ್ಚಾದ ಮೊದಲನೆಯ ಬೈಬಲು ಅದೇ. ೧೫೭೯ರಲ್ಲಿ ಎಡಿನ್‌ಬರೋ ನಗರದಲ್ಲಿ ಅದು ಪೂರ್ಣವಾಗಿ ಹೊರಬಂದಿತು. ನಿಯತವಾದ ಮೊತ್ತಕ್ಕೆ ಮೀರಿದ ಆಸ್ತಿಯುಳ್ಳ ಗೃಹಸ್ಥರು ಮನೆಯಲ್ಲಿ ಬೈಬಲನ್ನು ಇಟ್ಟುಕೊಳ್ಳಲೇಬೇಕೆಂದು ಅಲ್ಲಿಯ ಪಾರ್ಲಿಮೆಂಟು ಅದೇ ವರುಷ ವಿಧಿಸಿತು. ಆ ಮುದ್ರಣವನ್ನು ಅರ್ಪಿಸಿದುದು ಹದಿಮೂರು ವರುಷದ ಬಾಲರಾಜನಾದ ಜೇಮ್ಸನಿಗೆ. ಮುಂದೆ ಅದರ ಟಿಪ್ಪಣಿಗಳಿಗೆ ಪರಮಶತ್ರುವಾದವನು ಈ ಜೇಮ್ಸನೇ.

ಜೇಮ್ಸನ ಬಾಲ್ಯವೇ ಕಷ್ಟದ್ದು. ಅವನ ತಾಯಿ ಮೇರಿರಾಣಿಯನ್ನು ಪ್ರಜೆಗಳು ಸಿಂಹಾಸನದಿಂದಿಳಿಸಿದ್ದರು. ಗುರುವಾದ ಜಾರ್ಜ್ ಬುಕ್ಯಾನನನು ದುಷ್ಟನಾದ ದೊರೆಯನ್ನು ಪ್ರಜೆಗಳು ಎದುರಿಸಬಹುದೆಂದು ಗ್ರಂಥ ಬರೆದವನು. ಶಿಷ್ಯನನ್ನು ಕಠಿಣವಾಗಿ ಶಿಕ್ಷಿಸಿದವನು. ಶಿಷ್ಯನು ಬೆಳೆದು ಇದಕ್ಕೆ ನೇರ ವಿರುದ್ಧವಾದ ಮತವನ್ನು ಹಿಡಿದನು: ದೊರೆಯು ದೇವರಿಗೆ ಮಾತ್ರ ಉತ್ತರ ಹೇಳಬೇಕಾದವನು. ೧೫೮೭ರಲ್ಲಿ ಅವನ ತಾಯಿಯ ಶಿರಚ್ಛೇದವಾಯಿತು. ೧೬೦೩ರಲ್ಲಿ ಅವನು ಇಂಗ್ಲೆಂಡಿಗೂ ದೊರೆಯಾದನು. ಮರುವರುಷ ಜನವರಿಯಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಮತವಿಚಾರಕ್ಕಾಗಿ ಸಭೆ ಸೇರಿದಾಗ ಜಾನ್ ರೇನಲ್ಡ್ಸ್ ಎಂಬ ಪಂಡಿತನು ಹೊಸ ಭಾಷಾಂತರವಾಗಬೇಕೆಂದು ಬಿನ್ನವಿಸಿದನು. ದೊರೆ ಕೂಡಲೇ ಒಪ್ಪಿದನು. ಆದರೆ ಅಂಚಿನಲ್ಲಿ ಟಿಪ್ಪಣಿಗಳು ಇರಕೂಡದು ಎಂದನು. ಜಿನೀವಾದ ಟಿಪ್ಪಣಿಗಳು ಪಕ್ಷಪಾತದಿಂದ ಕೂಡಿದವು, ರಾಜದ್ರೋಹದ ವಾಸನೆಯವು ಎಂದು ದೂರಿ, ಎರಡು ಉದಾಹರಣೆಗಳನ್ನು ಕೊಟ್ಟನೆಂದು ಸಭೆಯ ವೃತ್ತಾಂತವನ್ನು ಬರೆದ ವಿಲಿಯಂ ಬಾರ್ಲೋ ತಿಳಿಸುತ್ತಾನೆ.

ಮೊದಲನೆಯದು ವಿಮೋಚನಕಾಂಡದ ಒಂದನೆಯ ಅಧ್ಯಾಯದ್ದು. ಇಬ್ರಿಯರ ಗಂಡುಮಕ್ಕಳನ್ನು ಹುಟ್ಟಿದೊಡನೆ ಕೊಲ್ಲಬೇಕೆಂದು ಫರೋಹನು ಸೂಲಗಿತ್ತಿಯರಿಗೆ ಆಜ್ಞಾಪಿಸುತ್ತಾನೆ. ಅವರು ಕೊಲ್ಲದೆ, ದೊರೆಗೆ ನೆವ ಹೇಳಿ ತಪ್ಪಿಸಿಕೊಳ್ಳುತ್ತಾರೆ. ಸುಳ್ಳು ಹೇಳಿದುದು ತಪ್ಪು, ಆದರೆ ಆಜ್ಞೆಯನ್ನು ಮೀರಿದುದು ಧರ್ಮವೇ ಎಂಬುದು ಟಿಪ್ಪಣಿಯ ಅಭಿಪ್ರಾಯ. ಎರಡನೆಯದು ಪೂರ್ವಕಾಲವೃತ್ತಾಂತದ ಎರಡನೆಯ ಭಾಗದ್ದು. ಅರಸನಾದ ಆಸನು ವಿಗ್ರಹವನ್ನು ಮಾಡಿಸಿದ ಮಾಕಳನ್ನು ರಾಜಮಾತೆಯ ಪದವಿಯಿಂದ ತಳ್ಳಿದನು. ಅಷ್ಟಕ್ಕೇ ನಿಲ್ಲಬಾರದಾಗಿತ್ತು, ಅವಳಿಗೆ ಮರಣದಂಡನೆಯನ್ನೇ ವಿಧಿಸಬೇಕಾಗಿತ್ತು ಎಂದು ಟಿಪ್ಪಣಿ ಹೇಳುತ್ತದೆ. ಮತಭೇದವೂ ಕಾರಣವಾಗಿ ತಾಯಿಯನ್ನು ಕೊಡಲಿಯ ಬಾಯಿಗೆ ಕಳೆದುಕೊಂಡ ಮಗನಿಗೆ ಈ ಸಾಲು ಹೇಗೆ ತಾಕಿದ್ದೀತೆಂಬುದನ್ನು ಚರಿತ್ರಕಾರರು ಗಮನಿಸದೆ ಬಿಟ್ಟಿಲ್ಲ.

ಇಲ್ಲಿ ಎರಡು ಟಿಪ್ಪಣಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಮೊದಲನೆಯದು ಮೂಲದಿಂದಲೇ ಹೊರಡುವ ಅರ್ಥ; ದೇವರು ಆ ಸೂಲಗಿತ್ತಿಯರಿಗೆ ಒಳ್ಳೆಯದನ್ನು ಮಾಡಿದನೆಂದು ಮೂಲವೇ ಹೇಳುತ್ತದೆ. ಎರಡನೆಯದು ಮೂಲದ ಮೇಲೆ ಹೇರಿದ ಕ್ರೌರ್ಯ. ಕಥೆಯಲ್ಲಿ ಆಸನನ್ನು ಅದಕ್ಕಾಗಿ ಯಾರೂ ನಿಂದಿಸಿಲ್ಲ. ದೊರೆಗೆ ಮಾತ್ರ ಎರಡೂ ಸಮಾನವಾಗಿ ಕಹಿಯಾದುವು. ಒಬ್ಬನಿಗೆ ಅಪ್ರಿಯವಾದ ಮಾತ್ರಕ್ಕೆ ಟಿಪ್ಪಣಿ ಸುಳ್ಳಾಗುವುದಿಲ್ಲ, ಪ್ರಿಯವಾದ ಮಾತ್ರಕ್ಕೆ ನಿಜವಾಗುವುದೂ ಇಲ್ಲ. ಮೂಲದೊಡನೆ ಇಟ್ಟು ನೋಡಿದಾಗಲೇ ಅದರ ಬೆಲೆ ತಿಳಿಯುವುದು.

ದೊರೆಯ ಅಪ್ಪಣೆಯಂತೆ ನಾಲ್ವತ್ತೇಳು ಮಂದಿ ಪಂಡಿತರು ಆರು ಗುಂಪುಗಳಾಗಿ ಶ್ರಮಿಸಿ ೧೬೧೧ರಲ್ಲಿ ಹೊಸ ಭಾಷಾಂತರವನ್ನು ಹೊರತಂದರು. ಹೀಬ್ರೂ ಗ್ರೀಕ್ ಪದಗಳ ವಿವರಣೆಯನ್ನೂ ವಚನನಿರ್ದೇಶಗಳನ್ನೂ ಬಿಟ್ಟರೆ ಅಂಚು ಬರಿದಾಗಿತ್ತು. ಮೈಲ್ಸ್ ಸ್ಮಿತ್ ಅದಕ್ಕೆ ಬರೆದ ದೀರ್ಘವಾದ ಪೀಠಿಕೆಯಲ್ಲಿ, ಅರ್ಥ ನಿಶ್ಚಯವಿಲ್ಲದ ಕಡೆ ಎರಡು ಅರ್ಥಗಳನ್ನೂ ತೋರಿಸುವುದೇ ಸರಿಯೆಂದು ಸಮರ್ಥಿಸಿದನು. ಆದರೆ ಆ ಪೀಠಿಕೆಯಲ್ಲಿ ಉದಾಹರಿಸಿದ ಶಾಸ್ತ್ರವಚನಗಳು ಬಹುಮಟ್ಟಿಗೆ ಜಿನೀವಾದ ಪಾಠದವೇ. ಬಾಯಿಗೆ ಬಂದುದು ಮನೆಯಲ್ಲಿ ಓದಿ ರೂಢಿಯಾದ ಪುಸ್ತಕ!

೧೬೧೬ರ ಬಳಿಕ ಇಂಗ್ಲೆಂಡಿನಲ್ಲಿ ಜಿನೀವಾದ ಬೈಬಲಿನ ಮುದ್ರಣ ನಿಂತಿತು. ಆದರೆ ಹಾಲೆಂಡಿನಿಂದ ಪ್ರತಿಗಳು ಬರುತ್ತಲೇ ಇದ್ದುವು. ಒಳ್ಳೆಯ ಕಾಗದ, ಕಡಿಮೆ ಬೆಲೆ, ಮೇಲಾಗಿ ಟಿಪ್ಪಣಿಗಳು. ಆರ್ಚ್‌ಬಿಷಪ್ ಲಾಡನು ಇದನ್ನು ತಡೆಯಲು ಪ್ರಯತ್ನಿಸಿದನು. ಅಂತರ್ಯುದ್ಧದ ಕಾಲದಲ್ಲಿ, ೧೬೪೩ರಲ್ಲಿ, ಪಾರ್ಲಿಮೆಂಟಿನ ಸೈನಿಕರಿಗಾಗಿ ಅಚ್ಚಾದ ಪುಟ್ಟ ವಚನಸಂಗ್ರಹದ ಪಾಠವೂ ಬಹುತೇಕ ಜಿನೀವಾದ್ದೇ. ಕೊನೆಗೆ ಜನರು ಒಂದು ರಾಜಿ ಮಾಡಿಕೊಂಡರೆನ್ನಬಹುದು: ೧೬೪೯ರಲ್ಲಿ ಜೇಮ್ಸನ ಭಾಷಾಂತರವೇ ಜಿನೀವಾದ ಟಿಪ್ಪಣಿಗಳೊಡನೆ ಅಚ್ಚಾಯಿತು. ದೊರೆಯ ಪಾಠವನ್ನು ಒಪ್ಪಿದ ಓದುಗರು ಅವನು ಬರಿದುಮಾಡಿದ ಅಂಚನ್ನು ಒಪ್ಪಲಿಲ್ಲ.

೬

ಟಿಪ್ಪಣಿಯಿಲ್ಲದ ಬೈಬಲಿನ ಪಕ್ಷಕ್ಕೆ ಮತ್ತೊಮ್ಮೆ ಬಲ ಬಂದುದು ೧೮೦೪ರಲ್ಲಿ. ಆ ವರುಷ ಲಂಡನ್ನಿನಲ್ಲಿ ಸ್ಥಾಪಿತವಾದ ಬ್ರಿಟಿಷ್ ಮತ್ತು ವಿದೇಶೀಯ ಬೈಬಲ್ ಸಂಘವು ಟಿಪ್ಪಣಿ ವ್ಯಾಖ್ಯಾನಗಳಿಲ್ಲದೆ ಮೂಲವನ್ನು ಮಾತ್ರ ಹಂಚುವುದೆಂದು ನಿಯಮ ಮಾಡಿಕೊಂಡಿತು. ಕಾರಣ ಸ್ಪಷ್ಟವಾದುದೇ. ಸಂಘದಲ್ಲಿ ನಾನಾ ಪಂಗಡಗಳವರಿದ್ದರು. ಟಿಪ್ಪಣಿ ಬರೆಯತೊಡಗಿದರೆ ಸಂಘವೇ ಒಡೆಯುತ್ತಿತ್ತು.

ಈ ನಿಯಮದ ಪರಿಣಾಮವು ಕನ್ನಡನಾಡನ್ನೂ ಮುಟ್ಟಿತು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನೊಡನೆ ಸೇರಿದ ವಿಲಿಯಂ ರೀವ್, ಇವರ ಶ್ರಮದಿಂದ ೧೮೩೧ರ ಹೊತ್ತಿಗೆ ಕನ್ನಡದಲ್ಲಿ ಸಮಗ್ರ ಬೈಬಲು ಸಿದ್ಧವಾಯಿತು. ಈ ರೀವನೇ ಕನ್ನಡಕ್ಕೆ ಆರಂಭದ ದೊಡ್ಡ ನಿಘಂಟುಗಳನ್ನು ಕೊಟ್ಟವನು. ಬೈಬಲ್ ಸಂಘಗಳ ಮೂಲಕ ದೇಶಭಾಷೆಗಳಲ್ಲಿ ಹಂಚಿಕೆಯಾದ ಪ್ರತಿಗಳು ಸಂಘದ ನಿಯಮದಂತೆ ವ್ಯಾಖ್ಯಾನರಹಿತವಾದವು. ಪಸ್ಕಹಬ್ಬವೆಂದರೇನು, ಫರಿಸಾಯರು ಯಾರು, ಸಮಾರ್ಯದವನು ಕರುಣೆ ತೋರಿದುದರಲ್ಲಿ ಆಶ್ಚರ್ಯವೇನು ಎಂಬುದು ಇಂಗ್ಲಿಷ್ ಗೃಹಸ್ಥನಿಗೆ ಪರಂಪರೆಯಿಂದಾದರೂ ತಿಳಿದಿತ್ತು. ಪುಸ್ತಕವನ್ನು ಮೊದಲ ಸಲ ತೆರೆದ ಕನ್ನಡಿಗನಿಗೆ ಅಂತಹ ಆಸರೆಯಿರಲಿಲ್ಲ. ಎಲ್ಲಿ ಸಹಾಯ ಹೆಚ್ಚು ಬೇಕಾಗಿತ್ತೋ ಅಲ್ಲಿಯೇ ಅದು ಕಡಿಮೆಯಾಯಿತು. ಅಪೊಸ್ತಲರ ಕೃತ್ಯಗಳಲ್ಲಿ ಒಂದು ಕಥೆಯುಂಟು. ಇಥಿಯೋಪ್ಯದ ಅಧಿಕಾರಿಯೊಬ್ಬನು ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿರುತ್ತಾನೆ. ಓದುತ್ತಿರುವುದು ತಿಳಿಯುತ್ತದೆಯೇ ಎಂದು ಫಿಲಿಪ್ಪನು ಕೇಳಲು, ತಿಳಿಸಿಕೊಡುವವರಿಲ್ಲದೆ ಹೇಗೆ ತಿಳಿದೀತೆಂದು ಅವನು ಅವನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಟಿಪ್ಪಣಿಯ ಪಕ್ಷದವರಿಗೆ ಇದಕ್ಕಿಂತ ಉತ್ತಮವಾದ ಪ್ರಮಾಣ ಬೇಕಾಗಿಲ್ಲ. ಬೈಬಲ್ ಸಂಘಗಳೂ ಇಪ್ಪತ್ತನೆಯ ಶತಮಾನದಲ್ಲಿ ಭೂಪಟ, ಪದಕೋಶ, ಪೀಠಿಕೆ ಮೊದಲಾದ ಪಕ್ಷಭೇದವಿಲ್ಲದ ಸಹಾಯಗಳಿಗೆ ಎಡೆಗೊಟ್ಟುವು.

ಆದರೆ ಅಂಚಿನ ಬರಹದ ಅಪಾಯವೂ ನಿಜವಾದುದೇ. ಆರ್ಚ್‌ಬಿಷಪ್ ಅಷರನು ೧೬೫೦ರಲ್ಲಿ ಪ್ರಕಟಿಸಿದ ಕಾಲಗಣನೆಯಲ್ಲಿ ಜಗತ್ತಿನ ಸೃಷ್ಟಿ ಕ್ರಿಸ್ತಪೂರ್ವ ೪೦೦೪ರಲ್ಲಾಯಿತೆಂದು ಲೆಕ್ಕ ಹಾಕಿದ್ದನು. ೧೭೦೧ರ ಒಂದು ಮುದ್ರಣದಲ್ಲಿ ಈ ಬಗೆಯ ಕಾಲಸೂಚನೆಗಳು ಇಂಗ್ಲಿಷ್ ಬೈಬಲಿನ ಅಂಚನ್ನು ಸೇರಿದುವು. ಆಮೇಲೆ ತಲೆಮಾರುಗಳವರೆಗೆ ಅಲ್ಲಿಯೇ ನಿಂತುವು. ಹತ್ತೊಂಬತ್ತನೆಯ ಶತಮಾನದಲ್ಲಿ ಭೂಗರ್ಭಶಾಸ್ತ್ರಜ್ಞರು ಭೂಮಿ ಅದಕ್ಕಿಂತ ಬಹು ಪುರಾತನವೆಂದಾಗ ಅನೇಕ ಶ್ರದ್ಧಾವಂತರು ಬೈಬಲಿಗೇ ಅಪಚಾರವಾಯಿತೆಂದು ನೊಂದರು. ಆ ಸಂಖ್ಯೆ ಬೈಬಲಿನಲ್ಲಿ ಎಲ್ಲಿಯೂ ಇಲ್ಲ; ಅದು ಒಬ್ಬ ವಿದ್ವಾಂಸನ ಲೆಕ್ಕ. ಅಂಚಿನಲ್ಲಿದ್ದು ಇದ್ದು ಅದು ಮೂಲದ ಬಣ್ಣವನ್ನು ಹೊತ್ತುಕೊಂಡಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಸಂಗತಿ ಮರುಕಳಿಸಿತು. ಅಮೆರಿಕದಲ್ಲಿ ವಕೀಲನಾಗಿದ್ದು ಬಳಿಕ ಬೋಧಕನಾದ ಸ್ಕೋಫೀಲ್ಡನು ೧೯೦೯ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದ ಮೂಲಕ ಹೊರಡಿಸಿದ ಸಟೀಕ ಬೈಬಲು ಲಕ್ಷಾಂತರವಾಗಿ ಖರ್ಚಾಯಿತು. ಮಾನವಚರಿತ್ರೆಯನ್ನು ಏಳು ಯುಗಗಳಾಗಿ ಭಾಗಿಸುವುದು ಅದರ ಟಿಪ್ಪಣಿಗಳ ತಿರುಳು. ಈ ಪಂಥಕ್ಕೆ ರೂಪುಕೊಟ್ಟವನು ಹತ್ತೊಂಬತ್ತನೆಯ ಶತಮಾನದ ಡಾರ್ಬಿ. ಅದನ್ನು ಬಾಲ್ಯದಿಂದ ಓದಿದ ಎಷ್ಟೋ ಮಂದಿಗೆ, ತಾವು ನಂಬಿರುವುದು ಶಾಸ್ತ್ರದಲ್ಲಿದೆಯೋ ಸ್ಕೋಫೀಲ್ಡನ ಅಡಿಟಿಪ್ಪಣಿಯಲ್ಲಿದೆಯೋ ಎಂಬುದೇ ಮರೆತುಹೋಯಿತೆಂದು ವಿಮರ್ಶಕರು ಆಕ್ಷೇಪಿಸಿದರು.

೭

ಈ ಚರಿತ್ರೆಯಿಂದ ಓದುಗನು ಪಡೆಯತಕ್ಕ ವಿವೇಕ ಹೆಚ್ಚು ಗೂಢವಾದುದಲ್ಲ. ಸಟೀಕವಾದ ಬೈಬಲನ್ನು ಆರಿಸುವವನು ಮೊದಲು ಪೀಠಿಕೆಯನ್ನು ಓದಬೇಕು: ಟಿಪ್ಪಣಿಕಾರರು ಯಾರು, ಯಾವ ಪಂಗಡದವರು, ಯಾವ ವರುಷದಲ್ಲಿ ಬರೆದರು, ತಮ್ಮ ಅಭಿಪ್ರಾಯವನ್ನು ಅಭಿಪ್ರಾಯವೆಂದು ಒಪ್ಪಿಕೊಳ್ಳುತ್ತಾರೆಯೇ ಎಂಬುದನ್ನು ಅರಿಯಬೇಕು. ಬಳಿಕ ವಿವಾದಕ್ಕೆ ಎಡೆಯಾದ ಎರಡು ಮೂರು ಸ್ಥಳಗಳನ್ನು ತೆರೆದು ನೋಡಿದರೆ ಪುಸ್ತಕದ ಸ್ವಭಾವ ತಿಳಿದುಬರುತ್ತದೆ. ಭಿನ್ನವಾದ ಅರ್ಥಗಳನ್ನು ಎದುರಿಗಿಡುವ ಟಿಪ್ಪಣಿ ಓದುಗನನ್ನು ಗೌರವಿಸುತ್ತದೆ. ಒಂದೇ ಅರ್ಥವನ್ನು ಆಜ್ಞೆಯಂತೆ ವಿಧಿಸುವುದು ಅವನನ್ನು ಬಾಲಕನೆಂದು ಭಾವಿಸುತ್ತದೆ.

ಬಳಸುವಾಗಲೂ ಕ್ರಮವೊಂದಿರುವುದು ಲೇಸು. ಅಧ್ಯಾಯವನ್ನು ಮೊದಲು ಟಿಪ್ಪಣಿಯ ಕಡೆ ಕಣ್ಣು ಹಾಯಿಸದೆ ಓದಿ, ತಿಳಿಯದ ಸ್ಥಳಗಳನ್ನು ಗುರುತಿಸಿಕೊಂಡು, ಎರಡನೆಯ ಸಲ ಅಂಚಿನ ಸಹಾಯವನ್ನು ಪಡೆಯಬೇಕು. ವಚನಸಂಖ್ಯೆಗಳು ಹುಡುಕುವವನ ಅನುಕೂಲಕ್ಕಾಗಿ ಬಂದುವೇ ಹೊರತು ಮೂಲದಲ್ಲಿದ್ದುವಲ್ಲವಾದುದರಿಂದ, ವಚನವನ್ನು ಕಿತ್ತು ನೋಡದೆ ಪ್ರಕರಣದೊಡನೆ ಓದಬೇಕು. ನಾಣ್ಯ, ಅಳತೆ, ನದಿ, ಬೆಟ್ಟಗಳ ವಿಷಯದಲ್ಲಿ ಟಿಪ್ಪಣಿಯನ್ನು ಸುಲಭವಾಗಿ ನಂಬಬಹುದು. ಸಿದ್ಧಾಂತದ ವಿಷಯದಲ್ಲಿ, ಅಲ್ಲಿ ಸೂಚಿಸಿದ ಇತರ ವಚನಗಳನ್ನು ತೆಗೆದು ನೋಡಿದ ಮೇಲೆಯೇ ನಂಬಬೇಕು; ಸಾಧ್ಯವಾದರೆ ಬೇರೊಂದು ಪಂಗಡದವರ ಪುಸ್ತಕವನ್ನೂ ಪಕ್ಕದ ಮಣೆಯ ಮೇಲಿಟ್ಟುಕೊಳ್ಳಬೇಕು.

ಹಾಗೆ ಎರಡು ಪುಸ್ತಕಗಳನ್ನು ಇಟ್ಟುಕೊಳ್ಳುವುದು ಫುಲ್ಕನ ಕಾಲದಲ್ಲಿ ಯುದ್ಧದ ಸಿದ್ಧತೆಯಾಗಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ವೈರವೂ ತಣ್ಣಗಾಯಿತು. ೧೯೬೨ರಲ್ಲಿ ಪ್ರಾಟೆಸ್ಟೆಂಟ್ ಪಂಡಿತರಾದ ಮೇ ಮತ್ತು ಮೆಟ್ಸ್‌ಗರ್ ಸಂಪಾದಿಸಿದ ಆಕ್ಸ್‌ಫರ್ಡಿನ ಸಟೀಕ ಬೈಬಲಿನ ೧೯೬೬ರ ಮುದ್ರಣಕ್ಕೆ, ಮೂಲಪಾಠದಲ್ಲಿ ಬದಲಾವಣೆಯನ್ನು ಕೇಳದೆ, ರೋಮಿನ ಸಭೆಯ ಕಾರ್ಡಿನಲ್ ಕುಷಿಂಗ್ ತನ್ನ ಅನುಮತಿಮುದ್ರೆಯನ್ನು ಕೊಟ್ಟನು. ಒಂದು ಕಾಲದಲ್ಲಿ ಅದೇ ಅಂಚಿನಲ್ಲಿ ಕಾರ್ಡಿನಲ್ಲರನ್ನು ಮಿಡತೆಗಳ ಸಾಲಿಗೆ ಸೇರಿಸಿದ್ದರು. ಒಂದೇ ಪುಟವನ್ನು, ಒಂದೇ ಟಿಪ್ಪಣಿಯೊಡನೆ, ಎರಡು ಪಂಗಡದವರೂ ಓದುವಂತಾಗಲು ಜಿನೀವಾದ ಮುದ್ರಣದಿಂದ ನಾನೂರ ಆರು ವರುಷಗಳು ಹಿಡಿದುವು.